ಬಿಡಿಸಿದ ಕೆಲಸಗಾರ ದೂರು ಕೊಟ್ಟಿದ್ದಾನೆ, ಒಳ್ಳೆ ವಕೀಲರನ್ನು ಹಿಡಿದರೆ ಸಾಕಾ?

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಿಮ್ಮ 30 ಎಕರೆ ಕಾಫಿ ತೋಟ. ಕಾಳುಮೆಣಸು ಕದ್ದ ಅಂತ 2024ರಲ್ಲಿ ಒಬ್ಬನನ್ನು ಬಿಡಿಸಿದ್ದೀರಿ, ಈಗ ಲೇಬರ್ ಆಫೀಸಿನಿಂದ ನೋಟಿಸ್ ಬಂದಿದೆ. ನಾನು ಮಾಲೀಕರ ಪರವಾಗಿಯೇ ಇಂಥ ಕೇಸು ನಡೆಸುವವನು. ಆದರೂ ಹೇಳುತ್ತೇನೆ, ಆಫೀಸರ್ ಮುಂದೆ ನಡೆಯುವ ರಾಜಿ ಮಾತುಕತೆಯಲ್ಲಿ ವಕೀಲರಿಗೆ ಜಾಗವೇ ಇಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಇಲ್ಲ, ಅದರ ಜಾಗಕ್ಕೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇಲ್ಲ. ಅಲ್ಲಿಗೆ ನೀವೇ ಹೋಗಬೇಕು, ಇಲ್ಲವೇ ನಿಮ್ಮ ಮಾಲೀಕರ ಸಂಘದ ಪದಾಧಿಕಾರಿ ಹೋಗಬಹುದು. ಮುಂದೆ ಲೇಬರ್ ಕೋರ್ಟಿಗೆ (ಹೊಸ ಸಂಹಿತೆಯಲ್ಲಿ ಕೈಗಾರಿಕಾ ನ್ಯಾಯಮಂಡಳಿಗೆ) ಹೋದರೂ ಎದುರಿನವರ ಒಪ್ಪಿಗೆ, ಕೋರ್ಟಿನ ಅನುಮತಿ ಎರಡೂ ಇದ್ದರೆ ಮಾತ್ರ ನಾವು ನಿಲ್ಲಬಹುದು.

ಹಾಗಾದರೆ ವಕೀಲರು ಯಾಕೆ? ಕಾಗದಕ್ಕೆ. ನಿಮ್ಮ ರೈಟರ್, ಅಂದರೆ ತೋಟದ ಗುಮಾಸ್ತ, ಬರೆದಿಟ್ಟ ಚೆಕ್‌ರೋಲ್ (ಕೆಲಸಗಾರರ ಹಾಜರಿ ಪುಸ್ತಕ) ನೋಡಿದರೆ ಅರ್ಧ ಕೇಸು ಗೊತ್ತಾಗುತ್ತದೆ. ಒಂದು ವರ್ಷದ ಸತತ ಸೇವೆ ಅಂತ ಲೆಕ್ಕಕ್ಕೆ ಬರಲು 12 ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದನ್ನು ಅವನೇ ತೋರಿಸಬೇಕು, ನಿಜ. ಆದರೆ ಕೋರ್ಟು ಚೆಕ್‌ರೋಲ್ ಕೇಳಿದಾಗ ನೀವು ಕೊಡದಿದ್ದರೆ ಅದು ನಿಮಗೇ ತಿರುಗಿ ಬೀಳಬಹುದು. ಈಗ ಕೂತು ಹಳೇ ತಾರೀಕು ಹಾಕಿ ಹೊಸ ಪುಸ್ತಕ ಬರೆಸಬೇಡಿ ಮಾರಾಯ್ರೆ. ಅದು ಸಿಕ್ಕಿಬೀಳದೆ ಇರುವುದಿಲ್ಲ.

ದೊಡ್ಡ ತೊಡಕು ಇನ್ನೊಂದು. ಕಳ್ಳತನ ಅಂದಿರಿ, ಆದರೆ ಆರೋಪ ಬರೆದು ಮೆಮೊ ಕೊಟ್ಟಿರಾ? ಅವನ ಉತ್ತರ ಕೇಳಿದಿರಾ? ವಿಚಾರಣೆ ನಡೆಸಿದಿರಾ? ಮೇಸ್ತ್ರಿ ಬಂದು ಹೇಳಿದ, ಸಂಜೆಗೆ ಲೆಕ್ಕ ಮುಗಿಸಿ ಕಳಿಸಿದೆವು. ನಮ್ಮ ಕಡೆ ನಡೆಯುವುದು ಹೀಗೇ ಅಲ್ವಾ? ಕಳ್ಳತನ ನಿಜವಾಗಿದ್ದರೂ ಈ ಕಾರಣಕ್ಕೇ ಸೋಲಬಹುದು. ವಿಚಾರಣೆ ಮಾಡದಿದ್ದರೂ ಲೇಬರ್ ಕೋರ್ಟಿನಲ್ಲೇ ಸಾಕ್ಷಿ ಕೊಟ್ಟು ಸಾಬೀತು ಮಾಡುವ ದಾರಿ ಇದೆ. ಆದರೆ ಆ ಅವಕಾಶವನ್ನು ಮೊದಲ ಲಿಖಿತ ಹೇಳಿಕೆಯಲ್ಲೇ ಕೇಳಿಕೊಳ್ಳಬೇಕು. 2001ರಲ್ಲಿ ಕೆಎಸ್‌ಆರ್‌ಟಿಸಿಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನು ಒಪ್ಪಿದೆ. ಲೇಬರ್ ವಿಷಯ ಗೊತ್ತಿರುವ ವಕೀಲರು ಬೇಕಾಗುವುದು ಇಂಥ ಕಡೆ. ಜಮ್ಮಾ ಜಮೀನಿನ (ಕೊಡಗಿನ ವಂಶಪಾರಂಪರ್ಯ ಹಿಡುವಳಿಯ) ಕೇಸು ಚೆನ್ನಾಗಿ ನಡೆಸುತ್ತಾರೆ ಅಂತ ಅವರ ಹತ್ತಿರವೇ ಇದನ್ನೂ ಕೊಡಬೇಡಿ.

ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಗೆ ಕೊಡಬೇಕಾದ ಇಡಿಗಂಟು, ಬೇರೆ ಲೆಕ್ಕ. 5 ವರ್ಷ ಸತತ ಕೆಲಸ ಮಾಡಿದ್ದರೆ ವರ್ಷಕ್ಕೆ 15 ದಿನದ ಕೂಲಿಯಂತೆ ಕೊಡಬೇಕು. ಸುಮ್ನೆ ಬಾಯಿಮಾತಿನ ಆರೋಪದ ಮೇಲೆ ಅದನ್ನು ತಡೆಹಿಡಿಯಲು ಆಗುವುದಿಲ್ಲ. "ನನಗೆ ಏನೂ ಬಾಕಿ ಇಲ್ಲ" ಅಂತ ಹೆಬ್ಬೆಟ್ಟು ಒತ್ತಿಸಿಕೊಂಡ ಚೀಟಿಯಿಂದಲೂ ಅದು ತೀರುವುದಿಲ್ಲ.

ಅವನ ಮನೆಯವರು ಇನ್ನೂ ತೋಟದ ಲೈನ್ ಮನೆಯಲ್ಲಿ (ನೀವು ಕೆಲಸಗಾರರಿಗೆ ಕೊಟ್ಟ ಮನೆಯಲ್ಲಿ) ಇದ್ದರೆ ಕರೆಂಟ್ ತೆಗೆಸುವುದು, ಸಾಮಾನು ಹೊರಗೆ ಹಾಕುವುದು ಬೇಡ. ಒಂದು ದೂರು ಇದ್ದದ್ದು ಎರಡಾಗುತ್ತದೆ.

ಕಾಗದ ಸರಿಯಿಲ್ಲದಿದ್ದರೆ ನನ್ನ ಸಲಹೆ ರಾಜಿಯೇ. ಆದರೆ ಆಫೀಸರ್ ಎದುರಿಗೇ ಬರೆದು, ಇಬ್ಬರೂ ಸಹಿ ಹಾಕಿ, ದುಡ್ಡನ್ನು ಬ್ಯಾಂಕಿನ ಮೂಲಕವೇ ಕೊಡಿ. ನೋಟಿಸಿನ ತಾರೀಕಿಗೆ ತಪ್ಪದೆ ಹೋಗಿ, ಚೆಕ್‌ರೋಲ್, ಕೂಲಿ ಪುಸ್ತಕ, ಪಿಎಫ್ ಕಾಗದ ಇದ್ದರೆ ಅದೂ ಜೊತೆಗಿರಲಿ.