ವ್ಯಾಟ್ ಏರಿಸುವ ಮುನ್ನ ಕೇಬಲ್ ನೋಡಿ

ಪತ್ರ: ನಮ್ಮ ಕಾಲೇಜಿನ ಸಮುದಾಯ ಬಾನುಲಿ 50 ವ್ಯಾಟ್‌ದು. ಊರಾಗ ಚಲೋ ಕೇಳ್ತದ, ನಾಲ್ಕು ಕಿಲೋಮೀಟರ್ ದಾಟಿದ್ರ ಸರ್ರ್ ಅಂತದ. ಮಾಳಗಿ ಮ್ಯಾಲಿನ ಆಂಟೆನಾಕ್ಕ 30 ಮೀಟರ್ ತೆಳು ಕೇಬಲ್ (ಆರ್‌ಜಿ-58) ಹಾಕೀವಿ. 100 ವ್ಯಾಟ್ ಟ್ರಾನ್ಸ್‌ಮಿಟರ್ ತರಬೇಕೇನ್ರಿ?
– ಓದುಗರು, ಗುಳೇದಗುಡ್ಡ

ಉತ್ತರ: ಬೇಡ್ರಿ. ನಿಯಮ ಹೇಳುವ 100 ವ್ಯಾಟ್ ಮಿತಿ ಆಂಟೆನಾದಿಂದ ಹೊರಬೀಳುವ ಶಕ್ತಿಗೆ. ಟ್ರಾನ್ಸ್‌ಮಿಟರ್ ಪೆಟ್ಟಿಗೆ ಮೇಲೆ ಬರೆದ ಅಂಕಿಗಲ್ಲ. ಶಕ್ತಿ ದುಪ್ಪಟ್ಟಾದರೂ ದಕ್ಕುವುದು 3 ಡೆಸಿಬೆಲ್ (ಸಿಗ್ನಲ್ ಏರಿಳಿತದ ಅಳತೆ). ಅದಕ್ಕಿಂತ ಹೆಚ್ಚನ್ನು ನಿಮ್ಮ ಕೇಬಲ್ಲೇ ನುಂಗುತ್ತಿದೆ. 90 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಅಷ್ಟುದ್ದದ ಆರ್‌ಜಿ-58 ದಾಟಿ ಮೇಲೆ ಮುಟ್ಟುವುದು ಹದಿನಾರು-ಹದಿನೇಳು ವ್ಯಾಟ್. ಅದಕ್ಕಿಂತ ದಪ್ಪನೆಯ ಆರ್‌ಜಿ-213 ಕೇಬಲ್ ಹಾಕಿದರೆ ಮೂವತ್ತರ ಮೇಲೆ, ಅರ್ಧ ಇಂಚಿನ ಫೋಮ್ ಕೇಬಲ್ ಆದರೆ ನಲವತ್ತರ ಮೇಲೆ.

ಅದಕ್ಕೂ ಮೊದಲು ಖರ್ಚಿಲ್ಲದ ಒಂದು ಕೆಲಸ: ಸ್ಟೀರಿಯೊ (ಎಡಬಲಕ್ಕೆ ಬೇರೆ ಬೇರೆ ಧ್ವನಿ) ಬಂದ್ ಮಾಡಿ. ಸರ್ರ್ ಸದ್ದಿಲ್ಲದೆ ಕೇಳಲು ಸ್ಟೀರಿಯೊಗೆ ಮೊನೊಗಿಂತ (ಒಂದೇ ಧ್ವನಿಯ ಪ್ರಸಾರ) ಸುಮಾರು 20 ಡೆಸಿಬೆಲ್ ಹೆಚ್ಚು ಸಿಗ್ನಲ್ ಬೇಕು. ಕೃಷಿ ಮಾತುಕತೆ, ಭಜನಾ ಪದಕ್ಕೆ ಮೊನೊ ಧಾರಾಳ ಸಾಕು. ಆದರೆ ಎಡಬಲಕ್ಕೆ ಒಂದೇ ಧ್ವನಿ ಕೊಟ್ಟರೆ ಮೊನೊ ಆಗುವುದಿಲ್ಲ. ಸ್ಟೀರಿಯೊ ಇದೆಯೆಂದು ರೇಡಿಯೊಗೆ ತಿಳಿಸುವ 19 ಕಿಲೋಹರ್ಟ್ಸ್ ಪೈಲಟ್ ಸಂಕೇತ ಆರಬೇಕು. ಅದು ಇರುವತನಕ ರೇಡಿಯೊ ಸ್ಟೀರಿಯೊ ಎಂದೇ ತಿಳಿಯುತ್ತದೆ, ಸರ್ರ್ ಸದ್ದೂ ಹೋಗುವುದಿಲ್ಲ.

ಆಮೇಲೆ ಎಸ್‌ಡಬ್ಲ್ಯುಆರ್ ಮೀಟರ್, ಅಂದರೆ ಆಂಟೆನಾದಿಂದ ಎಷ್ಟು ಶಕ್ತಿ ವಾಪಸ್ ಬರುತ್ತಿದೆ ಎಂದು ತೋರಿಸುವ ಮೀಟರ್. ಇಲ್ಲೇ ಬಹಳ ಮಂದಿ ಮೋಸಹೋಗುತ್ತಾರೆ. ಕೆಳಗೆ ಟ್ರಾನ್ಸ್‌ಮಿಟರ್ ಬಳಿ 1.3 ತೋರಿಸಿತೆಂದು ಆಂಟೆನಾ ಸರಿಯಿದೆ ಅನ್ನಬೇಡಿ: ಮೇಲಿಂದ ತಿರುಗಿ ಬರುವ ಶಕ್ತಿಯನ್ನೂ ಅದೇ ಕೇಬಲ್ ನುಂಗಿರುತ್ತದೆ. ಅಳೆಯಬೇಕಾದದ್ದು ಆಂಟೆನಾದ ಬುಡದಲ್ಲಿ. ಅಲ್ಲಿ 1.5 ಒಳಗಿದ್ದರೆ ಚಿಂತೆಯಿಲ್ಲ. 3 ಇದ್ದರೆ ಕಾಲುಭಾಗ ವಾಪಸ್. ಪ್ರಸಾರ ನಿಲ್ಲಿಸಿದ ಮೇಲೆಯೇ ಕನೆಕ್ಟರ್ ಬಿಚ್ಚಿ. ಒಳಗಿನ ತಾಮ್ರದ ಜಾಳಿಗೆ ಹಸಿರು ಕಿಲುಬು ಹಿಡಿದಿದ್ದರೆ ನೀರು ಇಳಿದಿದೆ ಎಂದೇ ಅರ್ಥ. ಒರೆಸಿ ಸುತ್ತಿದರೆ ಆಗದು, ಕಪ್ಪಾದಷ್ಟೂ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ. ತನಗೆ ತಾನೇ ಬೆಸೆಯುವ ರಬ್ಬರ್ ಟೇಪನ್ನು ಎಳೆದೆಳೆದು, ಹಂಚು ಹೊದಿಸಿದಂತೆ ಕೆಳಗಿನಿಂದ ಮೇಲಕ್ಕೆ ಸುತ್ತಬೇಕು. ಕೇಬಲ್ ಗೋಡೆಯೊಳಗೆ ಹೋಗುವ ಮುಂಚೆ ಜೋಲುಬಿಟ್ಟರೆ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಇಷ್ಟಾದರೂ ಗುಡ್ಡದ ಮರೆಯ ಹಳ್ಳಿಗಳಿಗೆ ಕೇಳಿಸದಿರಬಹುದು. ಕಲ್ಲುಗುಡ್ಡದ ನೆರಳಿಗೆ ವ್ಯಾಟ್ ಮದ್ದಲ್ಲ, ಎತ್ತರವೇ ಮದ್ದು. ಅದಕ್ಕೂ ನೆಲದಿಂದ 30 ಮೀಟರ್ ಮಿತಿ ಇದೆ. ಕಂಬ ಏರಿಸುವ ಮುನ್ನ ಅನುಮತಿಪತ್ರ ತೆಗೆದು ನೋಡಿ. ಹಾಂ, ದೂರು ಕೊಟ್ಟವರು ಮೊಬೈಲಿನಲ್ಲಿ ಕೇಳುತ್ತಿದ್ದಾರೆಯೇ ಎಂದೂ ವಿಚಾರಿಸಿ. ಎಫ್‌ಎಂ ಇರುವ ಬಹುತೇಕ ಫೋನ್‌ಗಳಿಗೆ ಇಯರ್‌ಫೋನ್ ವೈರೇ ಆಂಟೆನಾ.