ಅವಳಿಗೆ ಅಮ್ಮ, ನಿಮಗೆ ಚಿಕ್ಕಮ್ಮ: ಅಳುವ ಹಕ್ಕು ಯಾರದು?

ಪ್ರಶ್ನೆ: ಚಿಕ್ಕಮ್ಮ ತೀರಿಕೊಂಡು ನಾಲ್ಕು ತಿಂಗಳಾಯಿತು. ಅಮ್ಮ ಕೆಲಸಕ್ಕೆ ಹೋಗುತ್ತಿದ್ದುದರಿಂದ ನಾನು ಬೆಳೆದದ್ದೇ ಚಿಕ್ಕಮ್ಮನ ಕೈಯಲ್ಲಿ. ಆಫೀಸಿನಲ್ಲಿ ರಜೆ ಕೇಳಿದರೆ ‘ಚಿಕ್ಕಮ್ಮ ತಾನೇ?’ ಎಂದರು. ಒಮ್ಮೆ ಎಲ್ಲರೆದುರು ಅತ್ತುಬಿಟ್ಟೆ. ಆಗ ಅವರ ಮಗಳು, ‘ನಿನಗೆ ಅವಳು ಚಿಕ್ಕಮ್ಮ ಅಷ್ಟೇ, ಹೋಗಿದ್ದು ನನ್ನ ಅಮ್ಮ’ ಎಂದಳು. ಅಂದಿನಿಂದ ಅಳು ನುಂಗಿಕೊಂಡಿದ್ದೇನೆ. ಕೆಲಸದ ಮಧ್ಯೆ ನಕ್ಕರೂ ತಪ್ಪಿತಸ್ಥ ಭಾವ ಬರುತ್ತದೆ. ಚಿಕ್ಕಮ್ಮ ನನಗೆ ಕಳಿಸಿದ್ದ ವಾಯ್ಸ್ ಮೆಸೇಜ್‌ಗಳನ್ನೆಲ್ಲ ಕೊಡು ಎಂದು ಈಗ ಅವಳು ಕೇಳುತ್ತಿದ್ದಾಳೆ. ಕೆಲವದರಲ್ಲಿ ಚಿಕ್ಕಮ್ಮ ಅವಳ ಬಗ್ಗೆಯೇ ನೊಂದು ಮಾತಾಡಿದ್ದಾರೆ. ಕೊಡಲೇ, ಅಳಿಸಿಬಿಡಲೇ? ನೆನಪಿನ ಸಭೆಯಲ್ಲಿ ನೀನೇ ಮಾತಾಡು ಎಂದು ಹಿರಿಯರು ಹೇಳುತ್ತಿದ್ದಾರೆ. ಆ ಹಕ್ಕು ನನಗಿದೆಯೇ?

ಉತ್ತರ: ಯಾವುದನ್ನೂ ಅಳಿಸಬೇಡಿ. ಇವತ್ತೇ ಆ ಧ್ವನಿಗಳನ್ನೆಲ್ಲ ಫೋನಿನಿಂದ ಕಂಪ್ಯೂಟರಿಗೆ ಇಳಿಸಿ, ಇನ್ನೊಂದು ಪ್ರತಿ ಬೇರೆ ಕಡೆ ಇಡಿ. ಫೋನ್ ಕಳೆದುಹೋದರೆ, ಕೆಟ್ಟರೆ, ಆ ದನಿ ಮತ್ತೆ ಸಿಗುವುದಿಲ್ಲ. ಇನ್ನೊಂದು ವಿಷಯಕ್ಕೂ ಸಿದ್ಧರಾಗಿರಿ. ಬಳಸದೆ ಬಿಟ್ಟ ವಾಟ್ಸ್‌ಆ್ಯಪ್ ಖಾತೆ ಸಾಮಾನ್ಯವಾಗಿ 120 ದಿನಗಳ ನಂತರ ರದ್ದಾಗುತ್ತದೆ. ನಿಮ್ಮ ಫೋನಿನಲ್ಲಿರುವ ಮೆಸೇಜ್‌ಗಳಿಗೆ ಅದರಿಂದ ತೊಂದರೆಯಿಲ್ಲ, ಆದರೆ ಚಿಕ್ಕಮ್ಮನ ಫೋಟೊ ಒಂದು ದಿನ ಅಲ್ಲಿಂದ ಮಾಯವಾಗಬಹುದು. ಮುಂದೆ ಆ ನಂಬರು ಬೇರೆಯವರ ಪಾಲಾಗಿ, ಅಪರಿಚಿತರೊಬ್ಬರ ಮುಖವೂ ಕಾಣಬಹುದು. ಹಾಗಾಗಿ ಅವರಿಗೆ ಏನಾದರೂ ಹೇಳಬೇಕು ಅನ್ನಿಸಿದರೆ ಆ ನಂಬರಿಗೆ ಕಳಿಸಬೇಡಿ, ಒಂದು ಪುಸ್ತಕದಲ್ಲಿ ಬರೆದಿಡಿ.

ಈಗ ಹಕ್ಕಿನ ಮಾತು. ಸತ್ತವರಿಗೂ ನಮಗೂ ಕಾಗದದ ಮೇಲೆ ಏನು ಸಂಬಂಧ ಎಂದು ನೋಡಿ ದುಃಖವನ್ನು ಅಳೆಯುವುದು ಲೋಕದ ರೂಢಿ. ಬಹುತೇಕ ಕಚೇರಿಗಳ ರಜೆಯ ಪಟ್ಟಿ ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು ಎನ್ನುವಲ್ಲಿಗೆ ಮುಗಿಯುತ್ತದೆ. ಹೀಗೆ ಸುತ್ತಲಿನವರ ಮಾನ್ಯತೆ ಸಿಗದ ದುಃಖದ ಕುರಿತು ದುಃಖವನ್ನೇ ಅಧ್ಯಯನ ಮಾಡಿದ ಅಮೆರಿಕದ ಕೆನೆತ್ ಡೋಕಾ 1989ರಲ್ಲೇ ವಿಸ್ತಾರವಾಗಿ ಬರೆದರು. ಅವರು ಗುರುತಿಸಿದ್ದು ಸರಳ ಸತ್ಯ: ಇಂಥ ದುಃಖದಲ್ಲಿ ನೋವು ಕಡಿಮೆ ಇರುವುದಿಲ್ಲ, ಸಿಗುವ ಸಾಂತ್ವನ ಮಾತ್ರ ಕಡಿಮೆ. ನಿಮ್ಮ ಜಡೆ ಹೆಣೆದು, ಜ್ವರ ಬಂದ ರಾತ್ರಿ ಎದ್ದು ಕೂತು ಬೆಳೆಸಿದವರು ಹೋಗಿದ್ದಾರೆ. ನೀವು ಅಳುವುದಕ್ಕೆ ಯಾರ ಸಹಿಯೂ ಬೇಕಿಲ್ಲ.

ಆದರೂ ತಂಗಿಯ ಆ ಮಾತನ್ನು ನೀವು ಕೇಳಿಸಿಕೊಂಡಂತೆ ನಾನು ಕೇಳಿಸಿಕೊಳ್ಳಲಾರೆ. ನಿಮ್ಮನ್ನು ದೂರ ತಳ್ಳಲು ಅವಳು ಹಾಗೆ ಅಂದಳು ಎಂದು ನಿಮಗೆ ಅನ್ನಿಸಿದೆ. ನನಗೆ ಅದರಲ್ಲಿ ಕೇಳಿಸುವುದು ಹೊಟ್ಟೆಸಂಕಟ. ಮಗಳನ್ನು ಗದರುವುದು, ಓದು ಎನ್ನುವುದು, ಹಠಕ್ಕೆ ಅಡ್ಡ ನಿಲ್ಲುವುದು ತಾಯಿಯ ಪಾಲಿಗೆ ಬಂದ ಕೆಲಸ. ಅಕ್ಕನ ಮಗಳ ಜೊತೆ ಆ ಭಾರವಿಲ್ಲ. ಹಾಗಾಗಿ ಚಿಕ್ಕಮ್ಮನ ಹಗುರಾದ ಹೊತ್ತು, ನಗು, ಮನಬಿಚ್ಚಿದ ಮಾತು ನಿಮ್ಮ ಪಾಲಿಗೆ ಹೆಚ್ಚಾಗಿ ಬಂದಿರಬೇಕು. ಇದನ್ನು ನಿಮ್ಮ ತಂಗಿ ಚಿಕ್ಕಂದಿನಿಂದ ನೋಡುತ್ತಲೇ ಬಂದಿದ್ದಾಳೆ. ಅಮ್ಮ ತನಗಿಂತ ಇವಳ ಹತ್ತಿರ ಹೆಚ್ಚು ಮಾತಾಡುತ್ತಿದ್ದಳು ಎಂಬ ಅರಿವು ಮಗಳನ್ನು ಕೊರೆಯುವಷ್ಟು ಬೇರೆ ಯಾರನ್ನೂ ಕೊರೆಯುವುದಿಲ್ಲ. ಆ ಮೆಸೇಜ್‌ಗಳನ್ನು ಅವಳು ಕೇಳುತ್ತಿರುವುದೂ ಅದಕ್ಕೇ ಇರಬೇಕು. ತನಗೆ ಕಾಣದೆ ಹೋದ ಅಮ್ಮ ಅದರಲ್ಲಿದ್ದಾಳೆ ಎಂದು ಅವಳಿಗೆ ಗೊತ್ತು.

ಹಾಗಂತ ಎಲ್ಲವನ್ನೂ ಒಮ್ಮೆಗೇ ಕಳಿಸುವುದು ಬೇಡ. ನೊಂದ ಗಳಿಗೆಯಲ್ಲಿ ಆಡಿದ ಮಾತನ್ನು ಬದುಕಿದ್ದವರು ಮರುದಿನ ತಿದ್ದಿಕೊಳ್ಳುತ್ತಾರೆ. ಮಗಳಿಗೆ ಫೋನ್ ಮಾಡಿ ಹೇಗಿದ್ದೀ ಎಂದು ಕೇಳುತ್ತಾರೆ, ಅಲ್ಲಿಗೆ ಅದು ಮುಗಿಯುತ್ತದೆ. ರೆಕಾರ್ಡಿಂಗ್‌ಗೆ ಮರುದಿನವಿಲ್ಲ. ಅದನ್ನು ತಂಗಿ ಒಮ್ಮೆ ಕೇಳಿದರೆ, ಉತ್ತರ ಕೊಡಲು ಅಮ್ಮ ಇಲ್ಲದೆ, ಜೀವನವಿಡೀ ಆ ಮಾತಿನ ಜೊತೆ ಜಗಳವಾಡುತ್ತಾಳೆ. ಚಿಕ್ಕಮ್ಮ ಅದನ್ನು ನಿಮ್ಮನ್ನು ನಂಬಿ, ನಿಮ್ಮೊಬ್ಬರಿಗೇ ಹೇಳಿದ್ದು. ಆ ನಂಬಿಕೆಗೆ ಅವರು ಹೋದ ಮೇಲೂ ಬೆಲೆಯಿದೆ.

ಸುಳ್ಳನ್ನೂ ಹೇಳಬೇಡಿ. ‘ಇಷ್ಟೇ ಇರೋದು’ ಎಂದುಬಿಟ್ಟು ಮುಂದೆ ಗೊತ್ತಾದರೆ ಇರುವ ಅಷ್ಟಿಷ್ಟು ಪ್ರೀತಿಯೂ ಹೋಗುತ್ತದೆ. ‘ಕೆಲವು ನನ್ನ ಹತ್ತಿರ ಮಾತ್ರ ಹೇಳಿಕೊಂಡಿದ್ದು, ಅವು ನನ್ನಲ್ಲೇ ಇರಲಿ’ ಎಂದು ನೇರವಾಗಿ ಹೇಳಿ. ‘ನನ್ನ ಬಗ್ಗೆ ಏನಾದರೂ ಇತ್ತಾ?’ ಎಂದು ಅವಳು ಕೇಳಬಹುದು, ಕೇಳಿಯೇ ಕೇಳುತ್ತಾಳೆ ಎನ್ನಿಸುತ್ತದೆ. ಆಗ, ಒಂದೆರಡು ಸಲ ಬೇಸರ ಮಾಡಿಕೊಂಡಿದ್ದರು, ಎಲ್ಲ ಅಮ್ಮಂದಿರ ಹಾಗೆ ಎನ್ನಿ. ಅದು ನಿಜವೂ ಹೌದು. ಅದೇ ಫೋನಿನಲ್ಲಿ ಮಗಳ ಬಗ್ಗೆ ಹೆಮ್ಮೆಯಿಂದ ಮಾತಾಡಿದ್ದೂ ಇದ್ದೇ ಇರುತ್ತದೆ. ಹುಡುಕಿ, ಮೊದಲು ಅದನ್ನೇ ಕೊಡಿ.

ಸಭೆಯಲ್ಲಿ ಮಾತಾಡಿ. ಆದರೆ ಒಪ್ಪಿಕೊಳ್ಳುವ ಮೊದಲು ತಂಗಿಗೆ ಹೇಳಿ, ಅವಳೂ ಮಾತಾಡುವುದಾದರೆ ಮೊದಲ ಸರದಿ ಅವಳದಾಗಲಿ. ‘ಅವರು ನನಗೆ ಅಮ್ಮನೇ ಆಗಿದ್ದರು’ ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ, ಆ ದಿನದ ಮಟ್ಟಿಗೆ ಅದನ್ನು ಬಿಡಿ. ತ್ಯಾಗಮಯಿ, ಕರುಣಾಮಯಿ ಎಂಬ ಪದಗಳೂ ಬೇಡ, ಅವು ಯಾರಿಗೆ ಬೇಕಾದರೂ ಹೊಂದುತ್ತವೆ. ಚಿಕ್ಕಮ್ಮ ಮಾತ್ರ ಮಾಡಬಹುದಾಗಿದ್ದ ಒಂದು ಕೆಲಸ, ಅವರ ಒಂದು ಹಠ, ಅವರು ಸಿಟ್ಟು ಬಂದಾಗ ಆಡುತ್ತಿದ್ದ ಒಂದು ಮಾತು ಹೇಳಿ. ಆಗ ಕೂತವರೆಲ್ಲ ಅವರನ್ನು ಗುರುತು ಹಿಡಿಯುತ್ತಾರೆ. ನೀವು, ತಂಗಿ ಇಬ್ಬರೂ ಇರುವ ಒಂದು ಪ್ರಸಂಗ ಸಿಕ್ಕರೆ ಇನ್ನೂ ಒಳ್ಳೆಯದು.

ಕೆಲಸದ ಮಧ್ಯೆ ನಕ್ಕರೆ ತಪ್ಪಿತಸ್ಥ ಭಾವ ಬರುತ್ತದೆ ಎಂದೂ ಬರೆದಿದ್ದೀರಿ. ಒಂದು ಗಳಿಗೆ ನೋವು, ಇನ್ನೊಂದು ಗಳಿಗೆ ಬದುಕಿನ ಕೆಲಸ, ಹೀಗೆ ಮನಸ್ಸು ಅತ್ತಿತ್ತ ಓಡಾಡುವುದು ಸಹಜ. ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂಬ ದುಃಖದ ಐದು ಹಂತಗಳನ್ನು ಹುಡುಕಿಕೊಂಡು ಹೋಗಬೇಡಿ. ಮನೋವೈದ್ಯೆ ಎಲಿಸಬೆತ್ ಕೂಬ್ಲರ್ ರಾಸ್ 1969ರಲ್ಲಿ ಅವನ್ನು ಹೇಳಿದ್ದು ಸಾವಿನಂಚಿನಲ್ಲಿದ್ದ ರೋಗಿಗಳನ್ನು ಮಾತಾಡಿಸಿ, ಆಪ್ತರನ್ನು ಕಳೆದುಕೊಂಡವರನ್ನಲ್ಲ. ಆದರೆ ಆರು ತಿಂಗಳು ದಾಟಿದ ಮೇಲೂ ಹಂಬಲ ಒಂದಿಷ್ಟೂ ಸಡಿಲವಾಗದೆ ದಿನದ ಕೆಲಸವೇ ಸಾಗದಂತಾದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲೂ ಇದಕ್ಕೆ ಈಗ ಜಾಗವಿದೆ, ಚಿಕಿತ್ಸೆಯೂ ಇದೆ. ಬದುಕೇ ಬೇಡ ಎನ್ನಿಸಿದರಂತೂ ಒಂದು ದಿನವೂ ಕಾಯಬೇಡಿ.

ಆರಿಸಿದ ಮೆಸೇಜ್‌ಗಳನ್ನು ಫೋನಿನಲ್ಲಿ ಕಳಿಸಿ ಕೈತೊಳೆದುಕೊಳ್ಳಬೇಡಿ. ತಂಗಿಯ ಮನೆಗೆ ಹೋಗಿ, ಒಂದನ್ನು ಮಾತ್ರ ಕೇಳಿಸಿ. ಎರಡನೆಯದು ಆವತ್ತೇ ಬೇಕೋ, ಇನ್ನೊಂದು ದಿನಕ್ಕಿರಲೋ, ಅವಳೇ ಹೇಳಲಿ. ಅಷ್ಟರಲ್ಲಿ ನಿಮಗೆ ಅಳು ಬಂದರೆ ಅವಳೆದುರೇ ಅತ್ತುಬಿಡಿ.