ಕೈಯಲ್ಲಿ ದುಡ್ಡಿಲ್ಲದವರಿಗೇ ಪೇಟೆಂಟ್ ಜಾಸ್ತಿ ಬೇಕು

ಬಾಳ್ಳುಪೇಟೆ ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ವೆಲ್ಡಿಂಗ್ ಕೆಲಸ ಅವರದು. ಗೊಂಚಲಿನಿಂದ ಕಾಳುಮೆಣಸು ಬಿಡಿಸುವ ಮಷೀನಿನಲ್ಲಿ ಕಾಳು ಜಜ್ಜಿಹೋಗದ ಹಾಗೆ ಒಳಗಿನ ಡ್ರಮ್ಮನ್ನೇ ಬೇರೆ ಥರ ಮಾಡಿದ್ದಾರಂತೆ. ಹಾಸನದ ವರ್ಕ್‌ಶಾಪ್ ಮಾಲೀಕರೊಬ್ಬರು "ತಂದು ತೋರಿಸಿ, ನೋಡೋಣ" ಅಂದಿದ್ದಾರೆ. ಡ್ರಮ್ಮಿನ ಫೋಟೋ ಕಳಿಸಿ, ಪತ್ರಿಕೆಯಲ್ಲಿ ಹಾಕಿ ಎಂದಿದ್ದಾರೆ. ಜೊತೆಗೆ ಒಂದು ಪ್ರಶ್ನೆ: "ಪೇಟೆಂಟ್ ಎಲ್ಲ ದೊಡ್ಡ ಕಂಪನಿಯವರಿಗೆ. ನಮ್ಮಂಥವರಿಗೆ ಯಾಕೆ ಸಾರ್?"

ನಮಸ್ಕಾರ. ಮೊದಲು ಫೋಟೋ ವಿಷಯ. ಅದನ್ನು ಹಾಕುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಪೇಟೆಂಟಿಗೆ, ಅಂದರೆ ನೀವು ಕಂಡುಹಿಡಿದದ್ದನ್ನು ನಿಮ್ಮ ಒಪ್ಪಿಗೆ ಇಲ್ಲದೆ ಬೇರೆಯವರು ಮಾಡಿ ಮಾರಬಾರದು ಎಂದು ಸರ್ಕಾರ ಕೊಡುವ ಹಕ್ಕಿಗೆ, ಅರ್ಜಿ ಹಾಕುವ ಮೊದಲೇ ಹೊಸ ಸಂಗತಿ ಅಚ್ಚಾಗಿ ಜನರ ಕೈಗೆ ಹೋದರೆ ಕಾನೂನಿನ ಲೆಕ್ಕದಲ್ಲಿ ಅದು ಹೊಸದಾಗಿ ಉಳಿಯುವುದೇ ಕಷ್ಟ. ವಾಟ್ಸಾಪ್ ಗ್ರೂಪಿಗೆ ವಿಡಿಯೋ ಬಿಡುವುದೂ ಅಷ್ಟೇ, ಕೃಷಿ ಮೇಳದಲ್ಲಿ ಮಳಿಗೆ ಹಾಕಿ ತೋರಿಸುವುದೂ ಅಷ್ಟೇ. ದಯವಿಟ್ಟು ಸ್ವಲ್ಪ ದಿನ ಸುಮ್ಮನಿರಿ.

ಇನ್ನು ನಿಮ್ಮ ಪ್ರಶ್ನೆ. ದೊಡ್ಡ ಕಂಪನಿಗೆ ಕಾರ್ಖಾನೆ ಇದೆ, ಬ್ಯಾಂಕ್ ಸಾಲ ಸಿಗುತ್ತೆ, ಊರೂರಲ್ಲಿ ಡೀಲರುಗಳಿದ್ದಾರೆ. ಪೇಟೆಂಟ್ ಇಲ್ಲದಿದ್ದರೂ ಅವರು ಹೇಗೋ ಬದುಕಿಕೊಳ್ಳುತ್ತಾರೆ. ನಿಮ್ಮ ಹತ್ತಿರ ಇರುವುದು ಆ ಡ್ರಮ್ಮಿನ ಐಡಿಯಾ ಒಂದೇ. ಅದನ್ನು ಮಾಲೀಕರ ಟೇಬಲ್ ಮೇಲೆ ಇಟ್ಟುಬಿಟ್ಟರೆ ಆಮೇಲೆ ಮಾತಾಡೋಕೆ ನಿಮ್ಮ ಕೈಲಿ ಏನಿರುತ್ತೆ ಹೇಳಿ?

ನಾವು ಕಾಫಿ ಸೀಮೆಯವರು, ಕಾಫಿಯದೇ ಒಂದು ಕಥೆ ಕೇಳಿ. 1908ರಲ್ಲಿ ಜರ್ಮನಿಯ ಡ್ರೆಸ್ಡೆನ್ ಊರಿನ ಮೆಲಿಟ್ಟಾ ಬೆಂಟ್ಜ್ ಎಂಬ ಗೃಹಿಣಿಗೆ ಲೋಟದ ತಳದಲ್ಲಿ ಗಸಿ ನಿಲ್ಲುವುದು ಸಾಕಾಗಿಹೋಗಿತ್ತು. ಹಿತ್ತಾಳೆ ಪಾತ್ರೆಯ ತಳಕ್ಕೆ ತೂತು ಹೊಡೆದು, ಮಗನ ನೋಟ್‌ಬುಕ್ಕಿನ ಬ್ಲಾಟಿಂಗ್ ಪೇಪರ್ ಹಾಸಿ ಕಾಫಿ ಸೋಸಿದರು. ಎಷ್ಟು ಸಣ್ಣ ವಿಷಯ ಅಲ್ವಾ? ಆದರೆ ಆಕೆ ಮೊದಲು ಬರ್ಲಿನ್ನಿನ ಪೇಟೆಂಟ್ ಕಚೇರಿಯಲ್ಲಿ ಅದನ್ನು ನೋಂದಾಯಿಸಿದರು, ಆಮೇಲೆ ಅದೇ ವರ್ಷದ ಕೊನೆಗೆ ಮನೆಯಿಂದಲೇ ವ್ಯಾಪಾರ ಶುರು ಮಾಡಿದರು. ಮೆಲಿಟ್ಟಾ ಹೆಸರಿನ ಕಂಪನಿ ಇವತ್ತಿಗೂ ಇದೆ.

ಪೇಟೆಂಟ್ ಸಿಕ್ಕಿತು ಅಂದರೆ ಎಲ್ಲ ಸರಿಹೋಯಿತು ಅಂತಲ್ಲ. ಅಮೆರಿಕದ ಎಲಿ ವಿಟ್ನಿ 1794ರಲ್ಲಿ ಹತ್ತಿಯಿಂದ ಬೀಜ ಬೇರೆ ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದ. ಯಂತ್ರ ಎಷ್ಟು ಸರಳ ಅಂದರೆ ಯಾವ ಕಮ್ಮಾರ ಬೇಕಾದರೂ ನೋಡಿ ಮಾಡಬಹುದಿತ್ತು, ಮಾಡಿದರು ಕೂಡ. ಕೋರ್ಟಿನಲ್ಲಿ ಅವನ ಪರ ತೀರ್ಪು ಬರುವ ಹೊತ್ತಿಗೆ ಪೇಟೆಂಟಿನ ಅವಧಿಯೇ ಮುಗಿಯುತ್ತಾ ಬಂದಿತ್ತು. ನಿಮ್ಮ ಡ್ರಮ್ಮೂ ಸರಳವಾದದ್ದೇ. ಅದಕ್ಕೇ ಅರ್ಜಿಯಲ್ಲಿ ಯಾವುದು ನಿಮ್ಮದು ಎಂಬುದನ್ನು ಬಿಡಿಸಿ ಬರೆಯಬೇಕು: ಹಲ್ಲುಗಳ ಓರೆ ಎಷ್ಟು, ನಡುವಿನ ಸಂದು ಎಷ್ಟು, ಅದರಿಂದ ಕಾಳು ಯಾಕೆ ಉಳಿಯುತ್ತೆ. ಗೊತ್ತಿರುವ ಭಾಗಗಳನ್ನೇ ಹಿಂದೆಮುಂದೆ ಮಾಡಿ ಜೋಡಿಸಿದ್ದಕ್ಕೆ ನಮ್ಮ 1970ರ ಕಾಯ್ದೆಯಲ್ಲಿ ಪೇಟೆಂಟ್ ಇಲ್ಲ. ಪೇಟೆಂಟ್ ಕಚೇರಿಯ ವೆಬ್‌ಸೈಟಿನಲ್ಲಿ ಹಳೆಯ ಅರ್ಜಿಗಳನ್ನು ಪುಕ್ಕಟೆಯಾಗಿ ಹುಡುಕಬಹುದು. ಒಂದು ರಾತ್ರಿ ಕೂತು ನೋಡಿ.

ಖರ್ಚಿಗೆ ಹೆದರಿದ್ದೀರಿ ಅನ್ನಿಸುತ್ತೆ. ಒಬ್ಬ ವ್ಯಕ್ತಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕಲು ಸರ್ಕಾರದ ಶುಲ್ಕ 1,600 ರೂಪಾಯಿ. ಮೊದಲು ತಾತ್ಕಾಲಿಕ ವಿವರಣೆ ಸಲ್ಲಿಸಿದರೆ, ಮೊದಲು ಬಂದವರು ನೀವು ಅನ್ನುವುದಕ್ಕೆ ಆ ದಿನಾಂಕ ನಿಮ್ಮದಾಗುತ್ತೆ, ಪೂರ್ತಿ ವಿವರ ಕೊಡಲು 12 ತಿಂಗಳು ಸಮಯ ಸಿಗುತ್ತೆ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ. ಕಚೇರಿಯವರು ಅರ್ಜಿಯನ್ನು ಪರೀಕ್ಷೆ ಮಾಡುವ ಶುಲ್ಕ ಬೇರೆ, ಅರ್ಜಿ ಬರೆದುಕೊಡುವ ಪೇಟೆಂಟ್ ಏಜೆಂಟರನ್ನು ಹಿಡಿದರೆ ಅವರ ಫೀಸು ಇನ್ನೂ ಜಾಸ್ತಿ. ಆದರೂ ಮೊದಲ ಹೆಜ್ಜೆ ನಿಮ್ಮ ಕೈಗೆ ಎಟುಕದ್ದಲ್ಲ. ಪೇಟೆಂಟ್ ಸಿಕ್ಕರೆ ಅರ್ಜಿಯ ದಿನದಿಂದ 20 ವರ್ಷ ನಿಮ್ಮದು. ಅದನ್ನು ಉಳಿಸಿಕೊಳ್ಳಲು ವರ್ಷವರ್ಷ ದುಡ್ಡು ಕಟ್ಟಬೇಕು, ಅದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ.

"ರೈತರಿಗೆ ಅನುಕೂಲ ಆದರೆ ಸಾಕು" ಅಂತಲೂ ಬರೆದಿದ್ದೀರಿ. ಒಳ್ಳೆಯ ಮನಸ್ಸು ನಿಮ್ಮದು. ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗ್ ಮತ್ತು ಜೊತೆಗಾರರದ್ದೂ ಅದೇ ಮನಸ್ಸು. ಅವರು 1923ರಲ್ಲಿ ತಮ್ಮ ಪೇಟೆಂಟ್ ಹಕ್ಕನ್ನು ತಲಾ ಒಂದೇ ಒಂದು ಡಾಲರಿಗೆ ಟೊರೊಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಬೇರೆ ಯಾರೋ ಪೇಟೆಂಟ್ ಮಾಡಿಸಿಕೊಂಡು ಅದನ್ನು ತಮ್ಮದೊಬ್ಬರದೇ ಮಾಡಿಕೊಳ್ಳಬಾರದು ಅನ್ನುವುದಕ್ಕೇ ಹಕ್ಕು ಪಡೆದದ್ದು. ನೀವೂ ಹಂಚುವುದಾದರೆ ಹಕ್ಕು ಪಡೆದ ಮೇಲೆ ಹಂಚಿ.

ಈಗ ಹಾಸನದ ಮಾಲೀಕರ ಮಾತು. ಅವರು ಒಳ್ಳೆಯವರೇ ಇರಬಹುದು. ಅರ್ಜಿಯ ನಂಬರು ಕೈಗೆ ಬಂದ ಮೇಲೆ ಖಂಡಿತ ಹೋಗಿ. ಉಗಿಯಂತ್ರ ಸುಧಾರಿಸಿದ ಜೇಮ್ಸ್ ವಾಟ್ ಹತ್ತಿರವೂ ಕಾರ್ಖಾನೆ ಇರಲಿಲ್ಲ, 1769ರ ಪೇಟೆಂಟ್ ಇತ್ತು. ಬರ್ಮಿಂಗ್‌ಹ್ಯಾಮಿನ ಕಾರ್ಖಾನೆ ಮಾಲೀಕ ಬೌಲ್ಟನ್ ಅವನ ಜೊತೆ ಪಾಲುದಾರನಾಗಿ ದುಡ್ಡು ಹಾಕಿದ್ದು ಆ ಹಕ್ಕನ್ನು ನಂಬಿ. ಹಳೆಯ ಯಂತ್ರಕ್ಕಿಂತ ಎಷ್ಟು ಕಲ್ಲಿದ್ದಲು ಉಳಿಯಿತೋ ಆ ಉಳಿತಾಯದ ಮೂರನೇ ಒಂದು ಭಾಗವನ್ನು ಅವರಿಬ್ಬರೂ ಆ ಯಂತ್ರ ಬಳಸುವ ಗಣಿ ಮಾಲೀಕರಿಂದ ವರ್ಷವರ್ಷ ಪಡೆಯುತ್ತಿದ್ದರು. ನೀವೂ ಒಂದೇ ಸಲ ಇಷ್ಟು ಅಂತ ಇಸ್ಕೊಂಡು ಸಹಿ ಮಾಡಬೇಡಿ. ಮಾರಾಟವಾದ ಮಷೀನು ಒಂದಕ್ಕೆ ಇಷ್ಟು ಅಂತ ಕೇಳಿ, ಲೆಕ್ಕದ ಪುಸ್ತಕ ನೋಡುವ ಹಕ್ಕನ್ನೂ ಕರಾರಿನಲ್ಲಿ ಬರೆಸಿಕೊಳ್ಳಿ.

— ಸಂ.